ರಸ್ತೆ ಆದೇಶಕ್ಕೆ ಆಕ್ಷೇಪಣೆ ಬರೆಯುವ ಬಗೆ: ಬ್ರಿಟನ್ನಿನ ಅನುಭವ, ಚಿಕ್ಕಮಗಳೂರಿನ ಕೆಲಸ

2023ರ ಸೆಪ್ಟೆಂಬರ್ 17ರಂದು ವೇಲ್ಸ್‌ನಲ್ಲಿ ಊರೊಳಗಿನ ರಸ್ತೆಗಳ ಸಾಮಾನ್ಯ ವೇಗಮಿತಿಯನ್ನು ಗಂಟೆಗೆ 30 ಮೈಲಿಯಿಂದ 20 ಮೈಲಿಗೆ ಇಳಿಸಿದರು. ನಮ್ಮ ಲೆಕ್ಕದಲ್ಲಿ ಸುಮಾರು 48 ಕಿ.ಮೀ.ಯಿಂದ 32 ಕಿ.ಮೀ.ಗೆ. ಅದರ ವಿರುದ್ಧ ವೇಲ್ಸ್‌ನ ಸಂಸತ್ತಿಗೆ ಹೋದ ಆನ್‌ಲೈನ್ ಅರ್ಜಿಗೆ 4.69 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಆ ಸಂಸತ್ತಿನ ಇತಿಹಾಸದಲ್ಲೇ ಅಷ್ಟು ದೊಡ್ಡ ಅರ್ಜಿ ಬಂದಿರಲಿಲ್ಲ. ಆದರೂ ಕಾನೂನು ರದ್ದಾಗಲಿಲ್ಲ. 2024ರಲ್ಲಿ ಸರ್ಕಾರ ಜನರ ಮುಂದಿಟ್ಟ ಪ್ರಶ್ನೆ ಬೇರೆಯೇ ಆಗಿತ್ತು: ಯಾವ ರಸ್ತೆ ಮತ್ತೆ 30ಕ್ಕೆ ಹೋಗಬೇಕು, ನಿಮ್ಮ ಕೌನ್ಸಿಲಿಗೆ (ಅಲ್ಲಿನ ಸ್ಥಳೀಯ ಸಂಸ್ಥೆಗೆ) ತಿಳಿಸಿ. ರಸ್ತೆಯ ಹೆಸರು, ಎಲ್ಲಿಂದ ಎಲ್ಲಿಯವರೆಗೆ, ಏಕೆ ಎಂದು ಬರೆಯಬಲ್ಲವರಿಗೆ ಮಾತ್ರ ಆಗ ಹೇಳುವುದಕ್ಕೆ ಏನಾದರೂ ಇತ್ತು.

ಇದರ ಪಕ್ಕದಲ್ಲಿ ದಕ್ಷಿಣ ಲಂಡನ್ನಿನ ವೆಸ್ಟ್ ಡಲ್ವಿಚ್ ಪ್ರಕರಣ ಇಟ್ಟು ನೋಡಿ. ಅಲ್ಲಿ ಲ್ಯಾಂಬೆತ್ ಕೌನ್ಸಿಲ್ ಬಡಾವಣೆಯ ಒಳರಸ್ತೆಗಳಲ್ಲಿ ಹಾದುಹೋಗುವ ವಾಹನಗಳನ್ನು ತಡೆಯುವ ಯೋಜನೆ ತಂದಿತು. ನಿವಾಸಿಗಳು 53 ಪುಟಗಳ ವರದಿ ತಯಾರಿಸಿ ಕೌನ್ಸಿಲಿಗೆ ಕೊಟ್ಟಿದ್ದರು. ಆ ವರದಿಯನ್ನು ಗಣನೆಗೆ ತೆಗೆದುಕೊಳ್ಳದೆ ತೀರ್ಮಾನ ಮಾಡಿದ್ದು ಗಂಭೀರ ಲೋಪ ಎಂದು 2025ರ ಮೇ ತಿಂಗಳಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು, ಯೋಜನೆ ಕಾನೂನುಬಾಹಿರ ಎಂದಾಯಿತು. ಲಕ್ಷಗಟ್ಟಲೆ ಸಹಿಯಿಂದ ಆಗದ್ದು ಕಡತಕ್ಕೆ ಸೇರಿದ 53 ಹಾಳೆಗಳಿಂದ ಆಯಿತು.

ಚಿಕ್ಕಮಗಳೂರಿನಲ್ಲಿ ಏಕಮುಖ ಸಂಚಾರ, ಪಾರ್ಕಿಂಗ್ ನಿಷೇಧ, ಬಸ್ ನಿಲುಗಡೆ ಸ್ಥಳಾಂತರ ಎಂದಾಗಲೆಲ್ಲ ವಾಟ್ಸ್ಯಾಪ್ ಗುಂಪುಗಳಲ್ಲಿ ಸಿಟ್ಟು ಏಳುತ್ತದೆ. ಆ ಸಿಟ್ಟಿಗೆ ಕಾರಣವೂ ಇರುತ್ತದೆ, ಆದರೆ ಅದು ಕಡತಕ್ಕೆ ಹೋಗುವುದಿಲ್ಲ. ಜಿಲ್ಲಾಧಿಕಾರಿ ಸಹಿ ಮಾಡುವಾಗ ಅವರ ಮುಂದಿರುವುದು ಕಡತ ಮಾತ್ರ. ಅದರೊಳಗೆ ನಿಮ್ಮ ಹಾಳೆಯೂ ಇರಬೇಕಾದರೆ ಏನು ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಮೊದಲು: ಆದೇಶ ಯಾರದ್ದು, ಪ್ರತಿ ಎಲ್ಲಿದೆ

ತಪ್ಪು ಕಚೇರಿಗೆ ಕೊಟ್ಟ ಮನವಿ ವಾರಗಟ್ಟಲೆ ಅಲೆಯುತ್ತದೆ. ಏಕಮುಖ ಸಂಚಾರ, ಭಾರಿ ವಾಹನ ನಿಷೇಧ, ವಾಹನ ನಿಲುಗಡೆ ನಿಷೇಧದ ಆದೇಶಗಳು ಮೋಟಾರು ವಾಹನ ಕಾಯ್ದೆ 1988ರ ಕಲಂ 115, 116, 117ರ ಅಡಿಯಲ್ಲಿ ಬರುತ್ತವೆ. ಜಿಲ್ಲೆಯಲ್ಲಿ ಹೊರಡಿಸುವವರು ಜಿಲ್ಲಾಧಿಕಾರಿ, ಸಾಮಾನ್ಯವಾಗಿ ಪೊಲೀಸ್ ವರಿಷ್ಠಾಧಿಕಾರಿಗಳ ವರದಿಯ ಮೇಲೆ. ಫುಟ್‌ಪಾತ್, ಚರಂಡಿ, ಬೀದಿದೀಪ ನಗರಸಭೆಯದು. ಕಡೂರು, ಮೂಡಿಗೆರೆ ಕಡೆಗೆ ಹೋಗುವ ಮುಖ್ಯರಸ್ತೆ ರಾಷ್ಟ್ರೀಯ ಹೆದ್ದಾರಿ 173, ಅಲ್ಲಿ ಡಿವೈಡರ್ ತೆರೆಯಲು ನಗರಸಭೆಗೆ ಬರೆದರೆ ಉಪಯೋಗವಿಲ್ಲ, ಹೆದ್ದಾರಿ ವಿಭಾಗಕ್ಕೆ ಬರೆಯಬೇಕು. ಸರ್ಕಾರಿ ಬಸ್ಸಿನ ಮಾರ್ಗ ಮತ್ತು ಸಮಯಕ್ಕೆ ಕೆಎಸ್ಆರ್‌ಟಿಸಿಯ ಚಿಕ್ಕಮಗಳೂರು ವಿಭಾಗೀಯ ನಿಯಂತ್ರಣಾಧಿಕಾರಿ, ಖಾಸಗಿ ಬಸ್ಸಿಗೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಆ ಪ್ರಾಧಿಕಾರದ ಅಧ್ಯಕ್ಷರೂ ಜಿಲ್ಲಾಧಿಕಾರಿಯೇ, ಕಾರ್ಯದರ್ಶಿ ಆರ್‌ಟಿಒ.

ಪತ್ರಿಕೆಯ ಸುದ್ದಿ ನೋಡಿ ಆಕ್ಷೇಪಣೆ ಬರೆಯಬೇಡಿ, ಆದೇಶದ ಪ್ರತಿ ತೆಗೆದುಕೊಳ್ಳಿ. ಸುದ್ದಿಯಲ್ಲಿ "ಎಂ.ಜಿ. ರಸ್ತೆಯಲ್ಲಿ ಪಾರ್ಕಿಂಗ್ ಬಂದ್" ಎಂದಿರುತ್ತದೆ. ಆದೇಶದಲ್ಲಿ ಇಂಥ ತಿರುವಿನಿಂದ ಇಂಥ ತಿರುವಿನವರೆಗೆ, ಎಡಬದಿ ಮಾತ್ರ, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಎಂದಿರಬಹುದು. ಇಲ್ಲದ ಆದೇಶದ ವಿರುದ್ಧ ಬರೆದರೆ "ಅಂತಹ ಪ್ರಸ್ತಾವನೆ ಇರುವುದಿಲ್ಲ" ಎಂಬ ಒಂದು ಸಾಲಿನ ಹಿಂಬರಹದೊಂದಿಗೆ ಕೆಲಸ ಮುಗಿಯುತ್ತದೆ. ಆಕ್ಸ್‌ಫರ್ಡ್‌ನಲ್ಲಿ 2022–23ರಲ್ಲಿ ಆದದ್ದು ಇದೇ ಬಗೆಯ ಗೋಜಲು. ಕೆಲವು ರಸ್ತೆಗಳಲ್ಲಿ ಕಾರಿಗೆ ಕ್ಯಾಮೆರಾ ತಡೆ ಹಾಕುವುದು ಕೌಂಟಿ ಕೌನ್ಸಿಲಿನ ಯೋಜನೆ. ಮನೆಯಿಂದ 15 ನಿಮಿಷದ ನಡಿಗೆಯಲ್ಲಿ ಅಂಗಡಿ, ಶಾಲೆ, ಆಸ್ಪತ್ರೆ ಇರಬೇಕು ಎಂಬುದು ಸಿಟಿ ಕೌನ್ಸಿಲಿನ ಬೇರೆ ದಾಖಲೆ. ಎರಡನ್ನೂ ಕಲಸಿ "ಜನರನ್ನು ಬಡಾವಣೆಯೊಳಗೆ ಕೂಡಿಹಾಕುತ್ತಾರೆ" ಎಂಬ ಸುಳ್ಳು ಹರಡಿತು. ಕ್ಯಾಮೆರಾ ತಡೆಯಿಂದ ನಿಜಕ್ಕೂ ತೊಂದರೆಯಾಗುವ ವ್ಯಾಪಾರಿಗಳ ಮಾತು ಆ ಗದ್ದಲದಲ್ಲಿ ಮುಳುಗಿತು.

ಪ್ರತಿ ಕೈಗೆ ಬಂದ ಮೇಲೆ ದಿನಾಂಕ ನೋಡಿ. ಕಲಂ 115ರ ಪರಂತುಕವನ್ನು, ಅಂದರೆ ಅದಕ್ಕೆ ಸೇರಿಸಿದ ವಿನಾಯಿತಿಯ ಮಾತನ್ನು, ಎಲ್ಲರೂ ತಿಳಿದಿರಬೇಕು: ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಡ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು. ತಿಂಗಳು ದಾಟಿದರೆ ಅಧಿಸೂಚನೆ ಬೇಕು. "ಪ್ರಾಯೋಗಿಕವಾಗಿ" ಎಂದು ಶುರುವಾಗಿ ಮೂರನೇ ತಿಂಗಳಿಗೂ ಮುಂದುವರಿದಿರುವ ನಿರ್ಬಂಧ ಕಂಡರೆ, "ಯಾವ ದಿನಾಂಕದ ಅಧಿಸೂಚನೆಯಂತೆ ಮುಂದುವರಿದಿದೆ" ಎಂದು ಕೇಳುವುದೇ ಮೊದಲ ಪ್ರಶ್ನೆಯಾಗಬೇಕು. ಕಲಂ 116ರ ಪ್ರಕಾರ ಫಲಕವೂ ಇರಬೇಕು. ಫಲಕ ಇಲ್ಲದಿದ್ದರೆ, ಮರದ ಕೊಂಬೆಯ ಹಿಂದೆ ಅಡಗಿದ್ದರೆ, ದಿನಾಂಕ ಕಾಣುವಂತೆ ಫೋಟೊ ತೆಗೆದಿಡಿ.

ಇಂಗ್ಲೆಂಡಿನಲ್ಲಿ ಪ್ರಾಯೋಗಿಕ ಸಂಚಾರ ಆದೇಶಕ್ಕೆ ಗರಿಷ್ಠ 18 ತಿಂಗಳು ಆಯುಷ್ಯ. ಜಾರಿಯಾದ ಮೊದಲ 6 ತಿಂಗಳು ಆಕ್ಷೇಪಣೆಗೆ ಮೀಸಲು. ನಮ್ಮಲ್ಲಿ ಅಂಥ ಅವಧಿ ಕಾಯ್ದೆಯಲ್ಲಿಲ್ಲ. ಹಾಗಾಗಿ ಕಾಯಬೇಡಿ, ಪ್ರಕಟಣೆ ಬಂದ ಮೊದಲ ವಾರದಲ್ಲೇ ಒಂದು ಪುಟದ ಆಕ್ಷೇಪಣೆ ಹಾಕಿ, ಅದರ ಕೊನೆಗೆ "ವಿವರವಾದ ಅಂಕಿಅಂಶ 15 ದಿನದೊಳಗೆ ಸಲ್ಲಿಸುತ್ತೇವೆ" ಎಂದು ಬರೆಯಿರಿ. ಎಣಿಕೆ ಮುಗಿಸಿ ಬರುವಷ್ಟರಲ್ಲಿ ತೀರ್ಮಾನ ಆಗಿಬಿಟ್ಟಿತು ಎಂಬ ಪರಿಸ್ಥಿತಿ ಇದರಿಂದ ತಪ್ಪುತ್ತದೆ.

ಎಣಿಕೆ

ಶ್ರಮ ಹಾಕಬೇಕಾದ ಜಾಗ ಇದು. "ತುಂಬಾ ಟ್ರಾಫಿಕ್ ಆಗುತ್ತದೆ" ಎಂಬುದು ಅಭಿಪ್ರಾಯ. "ಸಂಜೆ 4.30ರಿಂದ 4.45ರವರೆಗೆ ಹನುಮಂತಪ್ಪ ವೃತ್ತದ ಕಡೆಗೆ 31 ಆಟೊ" ಎಂಬುದಕ್ಕೆ ಕಚೇರಿ ಉತ್ತರ ಕೊಡಲೇಬೇಕಾಗುತ್ತದೆ.

ಒಂದು ದಿಕ್ಕಿಗೆ ಇಬ್ಬರು ಬೇಕು. ಒಬ್ಬರು ದ್ವಿಚಕ್ರ ಮಾತ್ರ ಎಣಿಸಲಿ, ಇನ್ನೊಬ್ಬರು ಉಳಿದದ್ದನ್ನೆಲ್ಲ. ಒಬ್ಬರೇ ಎಲ್ಲವನ್ನೂ ಎಣಿಸಿದರೆ ಬೈಕುಗಳು ಗುಂಪಾಗಿ ಬಂದಾಗ ಕಡಿಮೆ ಬೀಳುತ್ತವೆ, ಅದೂ ದಟ್ಟಣೆ ಜಾಸ್ತಿ ಇರುವ ಹೊತ್ತಿನಲ್ಲೇ. ಹಾಳೆಯಲ್ಲಿ 15 ನಿಮಿಷಕ್ಕೆ ಒಂದು ಸಾಲು, ವಾಹನದ ಬಗೆಗೆ ಒಂದು ಕಾಲಂ: ದ್ವಿಚಕ್ರ, ಆಟೊ, ಕಾರು–ಜೀಪು, ಟೆಂಪೊ ಮತ್ತು ಸಣ್ಣ ಗೂಡ್ಸ್, ಬಸ್, ಲಾರಿ, ಟ್ರ್ಯಾಕ್ಟರ್. ನಾಲ್ಕು ಗೀಟು, ಐದನೆಯದು ಅಡ್ಡ. ಬೆಳಗ್ಗೆ 8ರಿಂದ 10, ಸಂಜೆ 4ರಿಂದ 6.30. ಮೊದಲ ಮಹಡಿಯ ಅಂಗಡಿಯವರು ಒಪ್ಪಿದರೆ ಅಲ್ಲಿಂದ ಮೊಬೈಲ್ ವಿಡಿಯೊ ಮಾಡಿ ಆಮೇಲೆ ಎಣಿಸಬಹುದು. ಸಂಶಯ ಬಂದರೆ ಹಿಂದಕ್ಕೆ ಹಾಕಿ ನೋಡಲು ಇದು ಒಳ್ಳೆಯದು. ಆದರೆ ಸಂಜೆ ಮಳೆಗೆ ಮಸೂರ ಮಸುಕಾಗುತ್ತದೆ, ಕಾಗದದ ಹಾಳೆ ಬಿಡಬೇಡಿ.

ದಿನದ ಆಯ್ಕೆಯಲ್ಲೇ ಹೆಚ್ಚಿನವರು ಎಡವುವುದು. ಚಿಕ್ಕಮಗಳೂರಿಗೆ ಎರಡು ಮುಖವಿದೆ. ವಾರದ ದಿನಗಳಲ್ಲಿ ಶಾಲೆ, ಕಚೇರಿ, ಆಸ್ಪತ್ರೆಯ ಓಡಾಟ; ಶನಿವಾರ, ಭಾನುವಾರ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಕೈಮರದ ಕಡೆ ಹೋಗುವ ಹೊರಗಿನ ಕಾರುಗಳು. ಭಾನುವಾರದ ಎಣಿಕೆ ಇಟ್ಟುಕೊಂಡು ಸೋಮವಾರದ ನಿರ್ಬಂಧವನ್ನು ಪ್ರಶ್ನಿಸಿದರೆ ನಿಲ್ಲುವುದಿಲ್ಲ. ಕನಿಷ್ಠ ಎರಡು ಸಾಮಾನ್ಯ ದಿನ, ಒಂದು ಬುಧವಾರದ ಸಂತೆ, ಒಂದು ಭಾನುವಾರ ಎಣಿಸಿ, ನಾಲ್ಕನ್ನೂ ಬೇರೆಬೇರೆಯಾಗಿ ತೋರಿಸಿ, ಸರಾಸರಿ ಮಾಡಿ ಕಲಸಬೇಡಿ. ದತ್ತ ಜಯಂತಿಯ ದಿನಗಳು, ಪರೀಕ್ಷೆ ಮುಗಿದ ವಾರ, ಸಾಲುರಜೆ ಬೇಡ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕಾರ್ಮಿಕರ ಜೀಪು, ಪಿಕಪ್, ಟ್ರ್ಯಾಕ್ಟರ್ ಹೆಚ್ಚುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಜಡಿಮಳೆಗೆ ಬೈಕು ಬಿಟ್ಟು ಬಸ್ಸು, ಆಟೊ ಹತ್ತುವವರು ಹೆಚ್ಚು. ಹಾಳೆಯ ತಲೆಯಲ್ಲಿ ಮಳೆ ಇತ್ತೋ ಇಲ್ಲವೋ ಬರೆಯುವುದು ಸಣ್ಣ ವಿಷಯ ಅಲ್ಲ.

ಎಣಿಸಿದ ಮೇಲೆ ವಾಹನದ ಸಂಖ್ಯೆಯನ್ನು, ಅವು ರಸ್ತೆಯಲ್ಲಿ ಎಷ್ಟು ಜಾಗ ತಿನ್ನುತ್ತವೆ ಎಂಬ ಲೆಕ್ಕಕ್ಕೆ ತರಬೇಕು. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ 106–1990ರ ಮಾರ್ಗಸೂಚಿಯಲ್ಲಿ ಕಾರನ್ನು 1 ಎಂದಿಟ್ಟುಕೊಂಡು ಉಳಿದವಕ್ಕೆ ಗುಣಕ ಕೊಟ್ಟಿದ್ದಾರೆ. ಒಟ್ಟು ವಾಹನಗಳಲ್ಲಿ ಆ ಬಗೆಯ ಪಾಲು 5% ಅಥವಾ ಕಡಿಮೆ ಇದ್ದರೆ ಒಂದು ಗುಣಕ, 10% ಅಥವಾ ಹೆಚ್ಚಿದ್ದರೆ ಇನ್ನೊಂದು. ದ್ವಿಚಕ್ರಕ್ಕೆ 0.5 ಮತ್ತು 0.75, ಆಟೊಗೆ 1.2 ಮತ್ತು 2, ಬಸ್–ಲಾರಿಗೆ 2.2 ಮತ್ತು 3.7. ಜೊತೆಗೆ, ಎಣಿಸುವಾಗ ಮೂರನೆಯವರೊಬ್ಬರು ಹತ್ತರಲ್ಲಿ ಒಂದು ವಾಹನದ ಜನರನ್ನೂ ಎಣಿಸಲಿ. ಬಸ್ಸಾದರೆ ಸೀಟು ಅರ್ಧ ತುಂಬಿದೆ, ಪೂರ್ತಿ ತುಂಬಿದೆ, ನಿಂತಿದ್ದಾರೆ ಎಂದು ಗುರುತು ಹಾಕಿದರೂ ಆದೀತು.

ಲೆಕ್ಕ ಹೇಗೆ ಬೀಳುತ್ತದೆ ಎಂದು ತೋರಿಸಲು ಕಲ್ಪಿತ ಅಂಕಿ ತೆಗೆದುಕೊಳ್ಳೋಣ. ಒಂದು ಗಂಟೆಗೆ 600 ಬೈಕು, 200 ಕಾರು, 150 ಆಟೊ, 30 ಬಸ್, ಒಟ್ಟು 980. ಬೈಕಿನ ಪಾಲು 61%, ಗುಣಕ 0.75, ಬಂತು 450. ಕಾರು 200. ಆಟೊ ಪಾಲು 15%, ಗುಣಕ 2, ಬಂತು 300. ಬಸ್ಸಿನ ಪಾಲು 3%, ಗುಣಕ 2.2, ಬಂತು 66. ಕೂಡಿದರೆ 1016. ಇನ್ನು ಜನ: ಬೈಕಿನಲ್ಲಿ 840, ಕಾರಿನಲ್ಲಿ 400, ಆಟೊದಲ್ಲಿ 300, ಬಸ್ಸಿಗೆ ತಲಾ 40ರಂತೆ 1200, ಒಟ್ಟು 2740. ಅಲ್ಲಿಗೆ ಬಸ್ಸು ರಸ್ತೆಯ 6.5% ಭಾಗ ಬಳಸಿ 44% ಜನರನ್ನು ಸಾಗಿಸಿತು. "ದಟ್ಟಣೆ ತಗ್ಗಿಸಲು ಬಸ್ಸುಗಳನ್ನು ಹೊರವರ್ತುಲಕ್ಕೆ ಕಳಿಸುತ್ತೇವೆ" ಎಂಬ ಪ್ರಸ್ತಾವನೆ ಬಂದರೆ ಈ ಎರಡು ಶೇಕಡಾವಾರುಗಳನ್ನು ಅಕ್ಕಪಕ್ಕ ಇಡಿ. ಉದ್ದ ಭಾಷಣ ಬೇಕಿಲ್ಲ.

ಪಾರ್ಕಿಂಗ್ ಎಣಿಕೆಯ ರೀತಿ ಬೇರೆ. ರಸ್ತೆಯ ಒಂದು ಬದಿಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಪ್ರತಿ 15 ನಿಮಿಷಕ್ಕೊಮ್ಮೆ ನಡೆದು, ನಿಂತ ಗಾಡಿಯ ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಬರೆದುಕೊಳ್ಳಿ. ಪೂರ್ತಿ ನಂಬರು ಬೇಡ, ಯಾರ ಗಾಡಿ ಎಂಬುದು ನಮಗೆ ಸಂಬಂಧಿಸಿದ್ದಲ್ಲ. ನಾಲ್ಕು ಗಂಟೆಯಲ್ಲಿ 16 ಸುತ್ತು. ಒಂದೇ ನಂಬರು 16 ಸುತ್ತಿನಲ್ಲೂ ಬಂದರೆ ಅದು ದಿನವಿಡೀ ನಿಂತ ಗಾಡಿ. ಗಿರಾಕಿಯ ಗಾಡಿ ಎರಡು ಸುತ್ತಿನಲ್ಲಿ ಹೊರಟುಹೋಗುತ್ತದೆ, ಅಂದರೆ ಅದೇ ಜಾಗದಲ್ಲಿ ಎಂಟು ಗಿರಾಕಿಗಳು ಬಂದು ಹೋಗಬಹುದಿತ್ತು. ಪಾರ್ಕಿಂಗ್ ನಿಷೇಧವನ್ನು ವಿರೋಧಿಸುವ ವರ್ತಕರಿಗೆ ಇದು ಸಿಹಿ ಮಾತಲ್ಲ, ಏಕೆಂದರೆ ದಿನವಿಡೀ ನಿಲ್ಲುವುದು ಬಹಳಷ್ಟು ಸಲ ಅಂಗಡಿಯವರದ್ದೇ ಗಾಡಿ. ಅದನ್ನು ಮುಚ್ಚಿಡಬೇಡಿ. "ಪೂರ್ತಿ ನಿಷೇಧ ಬೇಡ, ಒಂದು ಗಂಟೆಯ ಮಿತಿ ಹಾಕಿ" ಎಂಬ ಬೇಡಿಕೆಗೆ ಆಧಾರವಾಗುವುದೇ ಈ ಅಂಕಿ.

ಪತ್ರ

ಲಂಡನ್ನಿನಲ್ಲಿ ಹೊಗೆ ಹೆಚ್ಚು ಉಗುಳುವ ಹಳೆ ವಾಹನಗಳಿಗೆ ದಿನಕ್ಕೆ 12.50 ಪೌಂಡ್ ಶುಲ್ಕ ಹಾಕುವ ವಲಯವನ್ನು 2023ರ ಆಗಸ್ಟ್ 29ರಂದು ಇಡೀ ನಗರಕ್ಕೆ ವಿಸ್ತರಿಸಿದರು. ಅದಕ್ಕೂ ಮುಂಚೆ ಜುಲೈ 20ರಂದು ಅಕ್ಸ್‌ಬ್ರಿಡ್ಜ್ ಉಪಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ 495 ಮತಗಳಿಂದ ಗೆದ್ದಿತು, ಆ ಶುಲ್ಕದ ಮೇಲಿನ ಸಿಟ್ಟೇ ಕಾರಣ ಎಂದು ಕನ್ಸರ್ವೇಟಿವ್, ಲೇಬರ್ ಎರಡೂ ಪಕ್ಷದವರು ಹೇಳಿದರು. ಐದು ಕೌನ್ಸಿಲ್‌ಗಳು ಕೋರ್ಟಿಗೆ ಹೋಗಿ ಸೋತವು. ಕ್ಯಾಮೆರಾ ಒಡೆದವರಿಂದಲೂ ಯೋಜನೆ ನಿಲ್ಲಲಿಲ್ಲ. 2024ರ ಮೇ ತಿಂಗಳಲ್ಲಿ, ವಲಯ ವಿಸ್ತರಿಸಿದ ಮೇಯರ್ ಸಾದಿಕ್ ಖಾನ್ ಮೂರನೇ ಸಲ ಗೆದ್ದರು. ಆದರೆ ಒಂದು ಬೇಡಿಕೆ ಮಾತ್ರ ಈಡೇರಿತು. ಹಳೆ ಗಾಡಿ ಗುಜರಿಗೆ ಹಾಕಿದರೆ ಸಿಗುವ ಸಹಾಯಧನ ಮೊದಲು ಕಡಿಮೆ ಆದಾಯದವರು, ಅಂಗವಿಕಲರು ಮೊದಲಾದ ಕೆಲವರಿಗಷ್ಟೇ ಇತ್ತು, 2023ರ ಆಗಸ್ಟ್ 21ರಿಂದ ಎಲ್ಲ ಲಂಡನ್ ನಿವಾಸಿಗಳಿಗೂ ಸಿಕ್ಕಿತು. "ಯೋಜನೆ ಬೇಡ" ಎಂಬುದಕ್ಕೆ ಇಲ್ಲ ಎಂದವರು "ಗಾಡಿ ಬದಲಿಸಲು ದುಡ್ಡಿಲ್ಲ" ಎಂಬುದಕ್ಕೆ ಹೂಂ ಎನ್ನಬೇಕಾಯಿತು. ನಿಮ್ಮ ಪತ್ರದಲ್ಲೂ ಹೂಂ ಎನ್ನಬಹುದಾದ ಒಂದು ಬೇಡಿಕೆ ಇರಲೇಬೇಕು.

ಪತ್ರ ಎರಡು ಪುಟ ಮೀರದಿರಲಿ, ಎಣಿಕೆ ಹಾಳೆಗಳು ಅನುಬಂಧಕ್ಕೆ ಹೋಗಲಿ. ವಿಷಯ ಸಾಲಿನಲ್ಲಿ "ಮನವಿ" ಎಂದಷ್ಟೇ ಹಾಕಬೇಡಿ, ಹಾಗೆ ಹಾಕಿದ್ದು ಮನವಿಗಳ ರಾಶಿಗೆ ಸೇರುತ್ತದೆ. ಹೀಗೆ ಬರೆಯಿರಿ:

"ವಿಷಯ: ……… ರಸ್ತೆಯಲ್ಲಿ ಏಕಮುಖ ಸಂಚಾರ ಜಾರಿಗೊಳಿಸಿರುವ ದಿನಾಂಕ ………ರ ಆದೇಶ ಸಂಖ್ಯೆ ………ಕ್ಕೆ ಆಕ್ಷೇಪಣೆ ಹಾಗೂ ಪರ್ಯಾಯ ಸಲಹೆ.

ಈ ಆದೇಶದಿಂದ ಬಸ್ಸುಗಳು ಪ್ರತಿ ಟ್ರಿಪ್ಪಿಗೆ 800 ಮೀಟರ್ ಹೆಚ್ಚು ಸುತ್ತಬೇಕಾಗುತ್ತದೆ. ದಿನಕ್ಕೆ 60 ಟ್ರಿಪ್ಪಿಗೆ 48 ಕಿ.ಮೀ., ತಿಂಗಳಿಗೆ 1440 ಕಿ.ಮೀ. ಜಿಲ್ಲಾ ಆಸ್ಪತ್ರೆಗೆ ಬರುವವರು ಈಗಿನ ನಿಲುಗಡೆಗಿಂತ 350 ಮೀಟರ್ ಹೆಚ್ಚು ನಡೆಯಬೇಕಾಗುತ್ತದೆ, ಆ ದಾರಿಯಲ್ಲಿ 120 ಮೀಟರ್ ಉದ್ದಕ್ಕೆ ಫುಟ್‌ಪಾತ್ ಇಲ್ಲ (ಅನುಬಂಧ 3, ಫೋಟೊ 4ರಿಂದ 9). ಆದ್ದರಿಂದ ಏಕಮುಖ ಸಂಚಾರದಿಂದ ಬಸ್ಸುಗಳಿಗೆ ವಿನಾಯಿತಿ ನೀಡಬೇಕೆಂದು, ಸಾಧ್ಯವಾಗದಿದ್ದರೆ 30 ದಿನ ಮಾತ್ರ ಪ್ರಾಯೋಗಿಕವಾಗಿ ಜಾರಿಗೊಳಿಸಿ ಎಣಿಕೆಯ ಫಲಿತಾಂಶವನ್ನು ಪ್ರಕಟಿಸಬೇಕೆಂದು ಕೋರುತ್ತೇವೆ."

ಅಂಕಿಗಳ ಜಾಗದಲ್ಲಿ ನೀವು ಅಳೆದದ್ದು ಹಾಕಿ. ಉದ್ದಕ್ಕೆ ಬೈಕಿನ ಮೀಟರು ನಂಬಬೇಡಿ, 100 ಮೀಟರಿಗಿಂತ ಸಣ್ಣ ಅಂತರ ಅದರಲ್ಲಿ ಸರಿಯಾಗಿ ಸಿಗುವುದಿಲ್ಲ. ಟೇಪ್ ಹಿಡಿಯಿರಿ. ಫುಟ್‌ಪಾತ್ ಅಗಲ ಅಳೆಯುವಾಗ ಕಂಬ, ಟ್ರಾನ್ಸ್‌ಫಾರ್ಮರ್ ಕಟ್ಟೆ, ಅಂಗಡಿ ಮೆಟ್ಟಿಲು ಕಳೆದು ಉಳಿದ ನಡೆಯುವ ಜಾಗವನ್ನಷ್ಟೇ ಬರೆಯಿರಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 103–2012ರ ಮಾರ್ಗಸೂಚಿ ಕನಿಷ್ಠ 1.8 ಮೀಟರ್ ತೆರವು ಕೇಳುತ್ತದೆ. 60 ಸೆಂ.ಮೀ. ಉಳಿದಿರುವ ಕಡೆ ಟೇಪ್ ಹಿಡಿದ ಫೋಟೊ ತೆಗೆಯಿರಿ, ಅಂಕಿ ಓದುವಂತಿರಲಿ.

ಇಂಗ್ಲೆಂಡಿನ ಕೋರ್ಟುಗಳು 1985ರ ಗನ್ನಿಂಗ್ ಪ್ರಕರಣದಿಂದ ಬಳಸುತ್ತ ಬಂದ ನಾಲ್ಕು ಪ್ರಶ್ನೆಗಳಿವೆ. ಪ್ರಸ್ತಾವನೆ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಜನರನ್ನು ಕೇಳಿದರೇ? ಅರ್ಥ ಮಾಡಿಕೊಳ್ಳುವಷ್ಟು ಕಾರಣ, ಮಾಹಿತಿ ಕೊಟ್ಟರೇ? ಸಾಕಷ್ಟು ಸಮಯ ಕೊಟ್ಟರೇ? ಬಂದ ಉತ್ತರವನ್ನು ಮನಸ್ಸಿಟ್ಟು ಪರಿಗಣಿಸಿದರೇ? ಇದು ಅಲ್ಲಿನ ಕಾನೂನು, ನಮ್ಮ ಜಿಲ್ಲಾಡಳಿತವನ್ನು ಕಟ್ಟಿಹಾಕುವುದಿಲ್ಲ. ಆದರೂ ಪತ್ರದ ಕೊನೆಯ ಪ್ಯಾರಾ ಬರೆಯುವಾಗ ಇವನ್ನು ಒಂದೊಂದಾಗಿ ಕೇಳಿಕೊಳ್ಳಿ. ಎಲ್ಲಿ "ಇಲ್ಲ" ಎಂದು ಬರುತ್ತದೋ ಅದನ್ನು ಒಂದು ವಾಕ್ಯದಲ್ಲಿ ಬರೆಯಿರಿ.

ಸಹಿಯ ವಿಷಯ ಚಿಕ್ಕದು. ಪ್ರತಿ ಸಹಿ ಹಾಳೆಯ ತಲೆಯಲ್ಲಿ ಬೇಡಿಕೆಯ ಪೂರ್ಣ ವಾಕ್ಯ ಇರಬೇಕು, ಇಲ್ಲದಿದ್ದರೆ ಆ ಹಾಳೆ ಯಾವುದಕ್ಕೆ ಬೇಕಾದರೂ ಅಂಟಿಸಿದಂತಾಗುತ್ತದೆ. ಹೆಸರು, ಬೀದಿ, ಆ ರಸ್ತೆಯನ್ನು ಯಾವುದಕ್ಕೆ ಬಳಸುತ್ತಾರೆ ಎಂಬ ಮೂರು ಕಾಲಂ ಸಾಕು. ಫೋನ್ ನಂಬರು ಕೇಳಬೇಡಿ, ಆ ಹಾಳೆ ಹತ್ತು ಕೈ ದಾಟುತ್ತದೆ. ಒಂದೇ ಕೈಬರಹದಲ್ಲಿ ಹತ್ತು ಸಹಿ ಕಂಡರೆ ಉಳಿದ ಇನ್ನೂರರ ಬೆಲೆಯೂ ಹೋಗುತ್ತದೆ.

ಬಸ್ಸಿನ ವಿಷಯಕ್ಕೆ ಎರಡು ಮಾತು

ಟ್ರಿಪ್ ಕಡಿತವನ್ನು ಕೆಎಸ್ಆರ್‌ಟಿಸಿ ಸಮರ್ಥಿಸುವುದು ಆದಾಯದ ಲೆಕ್ಕದಲ್ಲಿ, ಕಿಲೋಮೀಟರಿಗೆ ಇಷ್ಟು ಬಂತು ಎಂದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಶೂನ್ಯ ಟಿಕೆಟ್ ಕೊಡುತ್ತಾರೆ. ಆ ಟಿಕೆಟ್ ಹರಿಯದಿದ್ದರೆ ಆ ಪ್ರಯಾಣಿಕರು ಲೆಕ್ಕದಲ್ಲೇ ಇಲ್ಲ. ನೂಕುನುಗ್ಗಲಿನಲ್ಲಿ "ಎರಡೇ ಸ್ಟಾಪ್, ಬಿಡಿ" ಎಂದು ಟಿಕೆಟ್ ಬಿಟ್ಟ ಬಸ್ಸು ದಾಖಲೆಯಲ್ಲಿ ಖಾಲಿ ಓಡಿದ ಬಸ್ಸು. ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ಇದನ್ನು ಹೇಳಿ, ಪ್ರತಿ ಸಲ ಟಿಕೆಟ್ ಕೇಳಿ ಪಡೆಯಲಿ.

ಖಾಸಗಿ ಬಸ್ಸು ಟ್ರಿಪ್ ತಪ್ಪಿಸಿದರೆ "ಬಸ್ಸೇ ಬರಲ್ಲ" ಎಂದು ಬರೆಯದೆ ದಿನಾಂಕ, ನಿಗದಿತ ಸಮಯ, ಬಾರದ ಟ್ರಿಪ್ ಎಂದು ಮೂರು ವಾರದ ಪಟ್ಟಿ ಮಾಡಿ ಆರ್‌ಟಿಒಗೆ ಕೊಡಿ. ಪರ್ಮಿಟ್ ಷರತ್ತು ಮುರಿದಿರುವುದಕ್ಕೆ ಆ ಪಟ್ಟಿಯೇ ಆಧಾರ. ಗ್ರೇಟರ್ ಮ್ಯಾಂಚೆಸ್ಟರ್‌ನಲ್ಲಿ 1986ರಿಂದ ಖಾಸಗಿ ಕಂಪನಿಗಳು ತಮಗೆ ಬೇಕಾದ ಮಾರ್ಗದಲ್ಲಿ ಓಡಿಸುತ್ತಿದ್ದವು. 2023ರ ಸೆಪ್ಟೆಂಬರ್ 24ರಿಂದ ಹಂತಹಂತವಾಗಿ, 2025ರ ಜನವರಿ 5ಕ್ಕೆ ಪೂರ್ತಿಯಾಗಿ, ಮಾರ್ಗ, ಸಮಯ, ದರ ಮೂರೂ ಅಲ್ಲಿನ ಆಡಳಿತದ ಕೈಗೆ ಬಂದವು. ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತಾಗ ಮಲೆನಾಡಿನ ಎಷ್ಟೋ ಊರುಗಳಿಗೆ ಆದ ನಷ್ಟ ನೆನಪಿದ್ದವರಿಗೆ, ಮಾರ್ಗವನ್ನು ಯಾರು ತೀರ್ಮಾನಿಸುತ್ತಾರೆ ಎಂಬ ಪ್ರಶ್ನೆಯ ತೂಕ ಗೊತ್ತು.

ಸಲ್ಲಿಸುವುದು, ಬೆನ್ನು ಹತ್ತುವುದು

ಎರಡು ಪ್ರತಿ ತೆಗೆದುಕೊಂಡು ಹೋಗಿ. ಜಿಲ್ಲಾಧಿಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿ. ಸಾಹೇಬರ ಕೈಗೇ ಕೊಟ್ಟು ಫೋಟೊ ತೆಗೆಸಿಕೊಂಡು ಬಂದರೆ ಸ್ವೀಕೃತಿ ಇರುವುದಿಲ್ಲ, ಆಮೇಲೆ ಕೇಳಲು ಹಿಡಿತವೇ ಇಲ್ಲ. ಅದೇ ಪತ್ರದ ಪ್ರತಿ ಪೊಲೀಸ್ ವರಿಷ್ಠಾಧಿಕಾರಿಗಳಿಗೆ, ನಗರಸಭೆ ಪೌರಾಯುಕ್ತರಿಗೆ ಹೋಗಲಿ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸಬೇಕೆಂದು ಅದರಲ್ಲೇ ಕೋರಿ. ದೂರವಾಣಿಯಲ್ಲಿ ದೂರು ದಾಖಲಿಸಲು 1902 ಇದೆ, ಆದರೆ ಅದು ಪತ್ರಕ್ಕೆ ಬದಲಿಯಲ್ಲ.

ತಿಂಗಳಾದರೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆದೀತು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಇದನ್ನು ಮರೆತವರ ಅರ್ಜಿ ಅದೇ ಕಾರಣಕ್ಕೆ ವಾಪಸಾಗುತ್ತದೆ. "ಏಕೆ ಹೀಗೆ ಮಾಡಿದಿರಿ" ಎಂದು ಕೇಳಬೇಡಿ, ದಾಖಲೆ ಕೇಳಿ: ಸದರಿ ಆದೇಶದ ಕಡತದ ಟಿಪ್ಪಣಿ ಹಾಳೆಗಳು, ಪೊಲೀಸ್ ವರದಿ, ಸಂಚಾರ ಎಣಿಕೆ ನಡೆಸಿದ್ದರೆ ಅದರ ಪ್ರತಿ, ಸ್ವೀಕೃತಿ ಸಂಖ್ಯೆ ಇಂಥದ್ದರ ಆಕ್ಷೇಪಣೆಯ ಮೇಲೆ ಕೈಗೊಂಡ ಕ್ರಮ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆನಂತರ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಎಣಿಕೆಯೇ ನಡೆದಿಲ್ಲ ಎಂದು ಉತ್ತರ ಬಂದರೆ ನಿಮ್ಮ ಎಣಿಕೆ ಆ ಕಡತದಲ್ಲಿರುವ ಏಕೈಕ ಎಣಿಕೆಯಾಗುತ್ತದೆ.

ಆದೇಶ ಜಾರಿಯಾಗಿಯೇ ಬಿಟ್ಟರೆ ಕೈಬಿಡಬೇಡಿ. ಮೊದಲ ಎರಡು ವಾರ ಎಣಿಸಬೇಡಿ, ಜನ ಹೊಸ ದಾರಿ ಹುಡುಕುತ್ತಿರುತ್ತಾರೆ, ಅಂಕಿ ಅಸ್ಥಿರ. ಮೂರನೇ ವಾರದಿಂದ ಅದೇ ಜಾಗ, ಅದೇ ದಿನಗಳು, ಅದೇ ಹೊತ್ತು, ಅದೇ ಹಾಳೆ ಹಿಡಿದು ಮತ್ತೆ ಎಣಿಸಿ. ಆದೇಶವಾದ ರಸ್ತೆಯಷ್ಟೇ ಅಲ್ಲ, ಪಕ್ಕದ ಎರಡು ಒಳರಸ್ತೆಗಳನ್ನೂ ಸೇರಿಸಿ, ಏಕೆಂದರೆ ಮುಖ್ಯರಸ್ತೆಯಲ್ಲಿ ಕಡಿಮೆಯಾದ ಗಾಡಿ ಸಾಮಾನ್ಯವಾಗಿ ಶಾಲೆಯ ಹಿಂದಿನ ಬೀದಿಯಲ್ಲಿ ಪ್ರತ್ಯಕ್ಷವಾಗುತ್ತದೆ. ಅದಕ್ಕಾಗಿ ಆ ಒಳರಸ್ತೆಗಳನ್ನು ಆದೇಶ ಜಾರಿಯಾಗುವ ಮುಂಚೆಯೇ ಒಂದು ದಿನವಾದರೂ ಎಣಿಸಿಟ್ಟಿರಬೇಕು. ಮುಂಚಿನ ಅಂಕಿ ಇಲ್ಲದಿದ್ದರೆ ಹೋಲಿಸಲು ಏನೂ ಉಳಿಯುವುದಿಲ್ಲ.